ಕೆಂಪು ಹೊಲಿಗೆಯ ಹ್ಯಾಚ್‌ಬ್ಯಾಕು, ದಿನಾ ಮೈಸೂರು–ಮಂಡ್ಯ: ಓಡಿಸಿ ನೋಡಿದ್ದರಿಂದ ಆರ್‌ಸಿ ಕೈಗೆ ಬರುವವರೆಗೆ

ಮೊನ್ನೆ ಆರ್‌ಸಿ ಕಾರ್ಡು (ಗಾಡಿಯ ನೋಂದಣಿ ಪತ್ರ) ಅಂಚೆಯಲ್ಲಿ ಬಂತು. ಚುರುಕಾದ ಒಂದು ಹ್ಯಾಚ್‌ಬ್ಯಾಕು (ಹಿಂದೆ ಡಿಕ್ಕಿ ಚಾಚಿಕೊಳ್ಳದ ಸಣ್ಣ ಕಾರು) ಕೊಳ್ಳಲು ಹೊರಟು ಅಲ್ಲಿಗೆ ಒಂಬತ್ತು ವಾರ. ಅದರಲ್ಲಿ ಗಾಡಿ ಓಡಿಸಿ ನೋಡಿದ್ದು ಎರಡೇ ವಾರ, ಉಳಿದದ್ದು ಕಾಗದ ಮತ್ತು ಕಾಯುವುದು. ಇದೇ ದಾರಿಯಲ್ಲಿ ಹೊರಟಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಬಳಕೆ ಇಷ್ಟು: ವಾರಕ್ಕೆ ಐದು ದಿನ ಮೈಸೂರಿನ ವಿಜಯನಗರದಿಂದ ಮಂಡ್ಯ, ಹೋಗಿ ಬರಲು ಹತ್ತಿರ ಹತ್ತಿರ 100 ಕಿ.ಮೀ. ತಿಂಗಳಿಗೆ 22 ದಿನ ಅಂದರೆ 2,200 ಕಿ.ಮೀ. ಸಂಜೆ ಪೇಟೆ ಕೆಲಸ, ಭಾನುವಾರ ಮನೆಯವರೆಲ್ಲ ಸೇರಿ ಊರಿಗೆ. ಈ ಮೂರಕ್ಕೂ ಒಂದೇ ಗಾಡಿ ಆಗಬೇಕು. ಅದು ಚುರುಕಾಗಿಯೂ ಇರಬೇಕು.

ಮೊದಲ ವಾರ ಹೋದದ್ದು ‘ಸ್ಪೋರ್ಟಿ’ ಅನ್ನೋ ಮಾತಿನ ಸಿಪ್ಪೆ ಸುಲಿಯುವುದರಲ್ಲಿ. ಕೆಂಪು ಹೊಲಿಗೆ, ಕಪ್ಪು ರೂಫು, ಎರಡು ಸೈಲೆನ್ಸರ್ ಬಾಯಿ ಇದ್ದರೆ ಗಾಡಿ ಓಡೋದಿಲ್ಲ, ನೋಡಬೇಕಾದ್ದು ಟಾರ್ಕು (ಚಕ್ರ ತಿರುಗಿಸುವ ಎಳೆತ, ಎನ್‌ಎಂನಲ್ಲಿ ಹೇಳುತ್ತಾರೆ; ಪಿಎಸ್ ಅಂದರೆ ಎಂಜಿನ್ನಿನ ಒಟ್ಟು ಶಕ್ತಿ) ಮತ್ತು ಅದು ಎಷ್ಟು ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಸಿಗುತ್ತೆ ಅನ್ನೋದು. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್‌ನಲ್ಲಿ 1.0 ಲೀಟರ್ ಟರ್ಬೊ (ಹೊಗೆಯ ರಭಸದಿಂದ ಹೆಚ್ಚು ಗಾಳಿ ತುಂಬಿಕೊಳ್ಳುವ ಎಂಜಿನ್ನು), 120 ಪಿಎಸ್, 172 ಎನ್‌ಎಂ. 2024ರ ಜೂನ್‌ನಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್‌ನಲ್ಲಿ 1.2 ಲೀಟರ್ ಟರ್ಬೊ, 120 ಪಿಎಸ್, 170 ಎನ್‌ಎಂ, ಆರು ಗೇರಿನ ಮ್ಯಾನುಯಲ್. ಫೋಕ್ಸ್‌ವ್ಯಾಗನ್ನಿನ ಹಳೇ ಪೋಲೊ ಜಿಟಿ ಟಿಎಸ್‌ಐ ಎರಡು ಥರ ಸಿಗುತ್ತೆ: 2013ರಿಂದ ಬಂದ 1.2 ಲೀಟರ್, 105 ಪಿಎಸ್, ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್). ಬಿಎಸ್6 ಹೊಗೆ ನಿಯಮ ಬಂದ ಮೇಲೆ 1.0 ಲೀಟರ್, 110 ಪಿಎಸ್, ಮಾಮೂಲಿ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸು (ಎಣ್ಣೆಯ ಮೂಲಕ ಎಳೆತ ದಾಟಿಸುವ ಆಟೊಮ್ಯಾಟಿಕ್). ಎರಡರಲ್ಲೂ 175 ಎನ್‌ಎಂ. 2022ಕ್ಕೆ ಅದು ನಿಂತುಹೋಯಿತು. ಮಾರುತಿಯ ಬಲೆನೊ ಆರ್‌ಎಸ್ 2017ರಿಂದ 2020ರವರೆಗೆ ಇತ್ತು, 102 ಪಿಎಸ್, 150 ಎನ್‌ಎಂ. ಹೋಲಿಕೆಗೆ ಇರಲಿ, 90 ಪಿಎಸ್‌ನ ಸ್ವಿಫ್ಟ್ ಕೊಡುತ್ತಿದ್ದದ್ದು 113 ಎನ್‌ಎಂ.

ಈ ಟರ್ಬೊಗಳ ಪೂರ್ತಿ ಟಾರ್ಕು 1,500ರಿಂದ 1,750 ಆರ್‌ಪಿಎಂ ದಾಟಿದ ಮೇಲೆ ಸಿಗೋದು. ಅದಕ್ಕಿಂತ ಕೆಳಗೆ ಅದು ಬರೀ ಒಂದು ಇಲ್ಲವೇ 1.2 ಲೀಟರಿನ ಮೂರು ಸಿಲಿಂಡರ್ ಎಂಜಿನ್ನು. (ಹಳೇ 1.2 ಟಿಎಸ್‌ಐಗೆ ಮಾತ್ರ ನಾಲ್ಕು ಸಿಲಿಂಡರ್.) ದಿನಬಳಕೆಯ ಗುಟ್ಟೆಲ್ಲ ಇರೋದು ಇಲ್ಲೇ. 0–100 ಎಷ್ಟು ಸೆಕೆಂಡು ಅಂತ ಎಲ್ಲರೂ ಹೇಳ್ತಾರೆ, 0–20 ಹೇಗೆ ಹೋಗುತ್ತೆ ಅಂತ ಯಾರೂ ಹೇಳೋಲ್ಲ.

ಶೋರೂಮಿನ ಟೆಸ್ಟ್ ಡ್ರೈವ್ ಇದನ್ನು ತೋರಿಸೋದಿಲ್ಲ. ಅವರು ಕರೆದುಕೊಂಡು ಹೋಗೋದು ಬೆಳಗ್ಗೆ ಹನ್ನೊಂದಕ್ಕೆ, ರಿಂಗ್ ರೋಡಿಗೆ, ಹದಿನೈದು ನಿಮಿಷ. ಅಲ್ಲಿ ಯಾವ ಟರ್ಬೊ ಗಾಡಿಯೂ ಚಂದವೇ. ಫೋನ್ ಮಾಡುವಾಗಲೇ ‘ಸಂಜೆ ಆರಕ್ಕೆ ಬೇಕು, ಪೇಟೆ ಒಳಗೆ ಓಡಿಸ್ತೀನಿ, ಆಮೇಲೆ ಶ್ರೀರಂಗಪಟ್ಟಣದವರೆಗೆ’ ಅಂತ ಹೇಳಿಬಿಡಬೇಕು. ಒಂದು ಕಡೆ ಒಪ್ಪಲಿಲ್ಲ, ಇನ್ನೊಂದು ಕಡೆ ನಾಲ್ಕು ದಿನ ಕಾಯಿಸಿ ಕೊಟ್ಟರು. ಕಾಯಬಹುದು, ನಷ್ಟವಿಲ್ಲ.

ಹೋಗುವಾಗ ನಿಮ್ಮದೇ ಒಂದು ಪ್ರೆಶರ್ ಗೇಜು ಜೇಬಲ್ಲಿರಲಿ. ಡೆಮೊ ಗಾಡಿಗಳಲ್ಲಿ ಗಾಳಿ ಜಾಸ್ತಿ ತುಂಬಿಸಿರುವುದು ಮಾಮೂಲು. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ 33 ಅಂತಿದ್ದು ಒಳಗೆ 40 ಇದ್ದರೆ ಸಣ್ಣ ಕಲ್ಲೂ ಸೊಂಟಕ್ಕೆ ತಾಗುತ್ತೆ, ‘ಸಸ್ಪೆನ್ಷನ್ ಗಟ್ಟಿ’ ಅಂತ ತಪ್ಪು ತೀರ್ಮಾನಕ್ಕೆ ಬರ್ತೀರಿ. ಒಂದು ಗಾಡಿಯಲ್ಲಿ ಹೀಗೇ ಇತ್ತು. ಗಾಳಿ ಇಳಿಸಿ ಮತ್ತೆ ಓಡಿಸಿದಾಗ ಬೇರೆಯದೇ ಗಾಡಿ.

ಪೇಟೆ ಪರೀಕ್ಷೆಗೆ ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರ್ಕೆಟ್ ಪಕ್ಕ, ಆಮೇಲೆ ಇರ್ವಿನ್ ರಸ್ತೆ ಸಾಕು. ನೋಡಬೇಕಾದ್ದು ಇದು: ಎರಡನೇ ಗೇರಿನಲ್ಲಿ ಗಂಟೆಗೆ 12–15 ಕಿ.ಮೀ.ನಲ್ಲಿ ಉರುಳುತ್ತಿರುವಾಗ ಮುಂದೆ ಜಾಗ ಸಿಕ್ಕರೆ ಮೊದಲನೇ ಗೇರಿಗೆ ಇಳಿಸದೆ ಎಳೆಯುತ್ತಾ, ಇಲ್ಲಾ ಗೊಣಗಿ ನಡುಗುತ್ತಾ? ನಡುಗುವ ಗಾಡಿಯಲ್ಲಿ ಅರ್ಧ ಗಂಟೆಗೆ ನೂರು ಸಲ ಗೇರು ಬದಲಿಸಬೇಕು. ಕ್ಲಚ್ ಎಲ್ಲಿ ಹಿಡಿಯುತ್ತೆ ಅನ್ನೋದೂ ಮುಖ್ಯ. ತೀರಾ ಮೇಲೆ ಹಿಡಿದರೆ ಮೊಣಕಾಲು ಸ್ಟೀರಿಂಗ್ ಕೆಳಗೆ ತಾಗುತ್ತೆ.

ಆಟೊಮ್ಯಾಟಿಕ್ ಅಂದರೆ ಎಲ್ಲಾ ಒಂದೇ ಅಲ್ಲ. ಐ20ರ ಏಳು ಗೇರಿನ ಡಿಸಿಟಿ (ಇದೂ ಎರಡು ಕ್ಲಚ್ಚಿನದ್ದೇ), ಹಳೇ ಪೋಲೊ ಡಿಎಸ್‌ಜಿ ಎರಡರಲ್ಲೂ ಇರೋದು ಡ್ರೈ ಕ್ಲಚ್. ಎಣ್ಣೆಯಲ್ಲಿ ಮುಳುಗಿಲ್ಲ, ಗಾಳಿಯಿಂದಲೇ ತಣಿಯಬೇಕು. ಇಂಚಿಂಚು ಸರಿಯುವ ಟ್ರಾಫಿಕ್‌ನಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಲೇ ಇರುತ್ತೆ, ಬಿಸಿ ಏರುತ್ತೆ. ಉಪಾಯ ಒಂದೇ: ಮುಂದಿನ ಗಾಡಿ ಒಂದು ಗಾಡಿಯುದ್ದ ಹೋಗುವವರೆಗೆ ಬ್ರೇಕ್ ಒತ್ತಿ ನಿಂತಿರಬೇಕು, ಆಮೇಲೆ ಒಂದೇ ಸಲ ಹೋಗಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳುವ ಚಟವಿದ್ದರೆ ಡಿಸಿಟಿ ಬೇಡ. ದಸರಾ ದೀಪಾಲಂಕಾರ ನೋಡಲು ಹತ್ತು ದಿನವೂ ಕೆ.ಆರ್. ಸರ್ಕಲ್ ಸುತ್ತುವವರಿಗೆ ನನ್ನ ಮಟ್ಟಿಗೆ ಮ್ಯಾನುಯಲ್ ಇಲ್ಲವೇ ಟಾರ್ಕ್ ಕನ್ವರ್ಟರ್ರೇ ಸರಿ.

ಇನ್ನು ಹಂಪು. ಹೊಟ್ಟೆ ಉಜ್ಜುತ್ತಾ ಇಲ್ಲವಾ ಅನ್ನೋದನ್ನು ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಹೊಟ್ಟೆಗೂ ಇರುವ ಅಂತರ) ಅಂಕಿಯಿಂದ ಮಾತ್ರ ಹೇಳಲು ಬರೋದಿಲ್ಲ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ ಕಾಂಗ್ರೆಸ್ ಲೆಕ್ಕದ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಎರಡೂವರೆ ಮೀಟರ್ ವೀಲ್‌ಬೇಸಿನ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಗಾಡಿ ಅದರ ಮೇಲೆ ಪೂರ್ತಿ ನಿಲ್ಲುತ್ತೆ, ಹಾಗಾಗಿ ಹೊಟ್ಟೆ ಕೆಳಗೆ ಕಳೆದುಕೊಳ್ಳೋದು 5 ಸೆಂ.ಮೀ. ಮಾತ್ರ. ಊರವರು ಒಂದೇ ರಾತ್ರಿಯಲ್ಲಿ ಹಾಕಿಸಿದ ಹಂಪು ಒಂದು ಮೀಟರೂ ಅಗಲ ಇರೋದಿಲ್ಲ. ಅದು ಮುಂದಿನ ಹಿಂದಿನ ಚಕ್ರಗಳ ನಡುವೆ ಕೂತುಬಿಡುತ್ತೆ, ಅದರ ಎತ್ತರವಷ್ಟೂ ನಿಮ್ಮ ಕ್ಲಿಯರೆನ್ಸಿನಿಂದ ಕಳೆಯಬೇಕು.

ಇದನ್ನು ಅಳೆಯಲು ಬಳಸಿದ್ದು ಮಕ್ಕಳು ಆಡುವ ಬಣ್ಣದ ಜೇಡಿಮಣ್ಣು. ದಾರಿಯಲ್ಲಿರುವ ಅತಿ ಕೆಟ್ಟ ಹಂಪಿನ ನೆತ್ತಿಯ ಮೇಲೆ, ಚಕ್ರಗಳ ನಡುಮಧ್ಯೆ ಬರುವ ಹಾಗೆ, 6 ಸೆಂ.ಮೀ. ಎತ್ತರದ ಉಂಡೆ ಇಡಿ. ಗಾಡಿಯನ್ನು ನಿಧಾನಕ್ಕೆ ಮೇಲೆ ಹಾಯಿಸಿ, ಇಳಿದು ಸ್ಕೇಲಿನಿಂದ ಅಳೆಯಿರಿ. ಹಂಪು 11 ಸೆಂ.ಮೀ. ಇತ್ತು. ಇಬ್ಬರೇ ಕೂತಿದ್ದಾಗ ಉಂಡೆ 5ಕ್ಕೆ ಒತ್ತಿತ್ತು. ಹಿಂದೆ ಮೂವರು, ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಇಟ್ಟು ಮತ್ತೆ ಹಾಯಿಸಿದಾಗ ಎರಡೂವರೆಗೆ ಬಂದಿತ್ತು, ಚಪ್ಪಟೆಯಾದ ನೆತ್ತಿಯ ಮೇಲೆ ಎಂಜಿನ್ ಕವರಿನ ಒಂದು ಬೋಲ್ಟಿನ ಆರು ಮೂಲೆ ಅಚ್ಚು ಹಾಕಿದ ಹಾಗೆ ಮೂಡಿತ್ತು. ಅಂದರೆ ಆ ಗಾಡಿಗೆ 13 ಸೆಂ.ಮೀ. ಮೀರಿದ ಹಂಪು ಪೂರ್ತಿ ಸಂಸಾರದ ಜತೆ ಆಗೋಲ್ಲ. ಓರೆಯಾಗಿ ಹತ್ತಿಸಿದರೆ ಸ್ವಲ್ಪ ಉಳಿಯುತ್ತೆ, ಅಷ್ಟೇ.

ಟೈರಿನ ಲೆಕ್ಕವೂ ಇಂಥದ್ದೇ. 195/55 ಆರ್16 ಅಂದರೆ ಪಕ್ಕದ ಗೋಡೆ 107 ಮಿ.ಮೀ. ಗುಂಡಿಯ ಅಂಚಿಗೆ ವೇಗದಲ್ಲಿ ಹೊಡೆದರೆ ರಬ್ಬರು ರಿಮ್ಮಿಗೆ ಸಿಕ್ಕಿ ಒಳಗಿನ ದಾರ ಹರಿಯುತ್ತೆ, ಗೋಡೆ ಮೇಲೆ ಬುಗುಟು ಏಳುತ್ತೆ. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರೇ ಹೊಸದು. 185/65 ಆರ್15 ಹಾಕಿದರೆ ಗೋಡೆ 120 ಮಿ.ಮೀ., ಒಟ್ಟು ವ್ಯಾಸ ಮಾತ್ರ ಎರಡಕ್ಕೂ 621 ಮಿ.ಮೀ. ಆಸುಪಾಸು, ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸೋಲ್ಲ. ದಿನಾ ಹಳ್ಳಿ ರಸ್ತೆ ಇದ್ದವರಿಗೆ ಇದು ಬುದ್ಧಿವಂತ ಇಳಿಕೆ. ಆದರೆ 15 ಇಂಚಿನ ರಿಮ್ಮು ಬ್ರೇಕ್ ಕ್ಯಾಲಿಪರ್ ಮೇಲೆ ಕೂರುತ್ತಾ ಅಂತ ಒಂದು ಚಕ್ರ ಹಾಕಿ, ಕೈಯಲ್ಲಿ ತಿರುಗಿಸಿ ನೋಡಿಯೇ ದುಡ್ಡು ಕೊಡಿ. ಡಿಕ್ಕಿ ಮ್ಯಾಟ್ ಎತ್ತಿ ಸ್ಟೆಪ್ನಿಯ ಗಾತ್ರವನ್ನೂ ಓದಿ, ತುಂಬಾ ಗಾಡಿಗಳಲ್ಲಿ ಅದು ಚಿಕ್ಕದು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಗ್ಗೆ ಹೇಳಲು ಹೆಚ್ಚಿಲ್ಲ. ಮಿತಿ 100, ಉದ್ದಕ್ಕೂ ಕ್ಯಾಮೆರಾ. 2024ರ ಆಗಸ್ಟ್‌ನಿಂದ 130 ಮೀರಿದರೆ ಎಫ್‌ಐಆರ್. 120 ಪಿಎಸ್ ಇಟ್ಟುಕೊಂಡು ಅಲ್ಲಿ ಮಾಡುವುದೇನೂ ಇಲ್ಲ. ಕ್ರೂಸ್ ಕಂಟ್ರೋಲ್ (ವೇಗವನ್ನು ತಾನೇ ಒಂದೇ ಸಮ ಇಡುವ ಸೌಲಭ್ಯ) ಇದ್ದರೆ ಹಾಕಿ ಕೂತುಕೊಳ್ಳಿ. ಟರ್ಬೊ ನಿಜಕ್ಕೂ ದುಡಿಯೋದು ಹಳೇ ರಸ್ತೆ, ಸರ್ವಿಸ್ ರಸ್ತೆಗಳಲ್ಲಿ. ಕಬ್ಬು ಕಟಾವು ಶುರುವಾದರೆ ಎರಡು ಟ್ರೈಲರ್ ಕಟ್ಟಿದ ಟ್ರ್ಯಾಕ್ಟರು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, 15ರ ವೇಗದಲ್ಲಿ ಹೋಗುತ್ತಿರುತ್ತೆ. ಅದನ್ನು ದಾಟಲು ಬೇಕಾದ್ದು ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಬೇಗ ಏರುವ ಶಕ್ತಿ. ಇದನ್ನೇ ಪರೀಕ್ಷಿಸಿ. ಜತೆಗೆ ರಾತ್ರಿ ಒಮ್ಮೆ ಓಡಿಸಿ ಹೆಡ್‌ಲೈಟ್ ನೋಡಿ. ಕಬ್ಬಿನ ಗಾಡಿ ಕಣ್ಣಿಗೆ ಬೀಳುವ ದೂರ ಎಂಜಿನ್ನಿಗಿಂತ ದೊಡ್ಡ ವಿಷಯ.

ಚಾಮುಂಡಿ ಬೆಟ್ಟಕ್ಕೆ ವಾರದ ದಿನ ಬೆಳಗ್ಗೆ ಹೋಗಿ, ಆಷಾಢ ಶುಕ್ರವಾರ ಬೇಡ. ಏರುವಾಗ ಟೆಂಪರೇಚರ್ ಮುಳ್ಳು, ಇಳಿಯುವಾಗ ಬ್ರೇಕ್. ಮೂರ್ನಾಲ್ಕು ತಿರುವು ಇಳಿದ ಮೇಲೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಬ್ರೇಕ್ ಡಿಸ್ಕ್ ಸೊಟ್ಟಗಾಗಿರಬಹುದು.

ಹಿಂದಿನ ಸೀಟಿಗೆ ವಯಸ್ಸಾದವರನ್ನು ಕೂರಿಸಿಯೇ ನೋಡಬೇಕು. ಇಂಥ ಗಾಡಿಗಳ ಸೀಟು ಕೆಳಗಿರುತ್ತೆ, ರೂಫು ಹಿಂದಕ್ಕೆ ಇಳಿದಿರುತ್ತೆ; ಸೀರೆ ಉಟ್ಟವರು ಒಂದು ಕಾಲು ಒಳಗಿಟ್ಟು ತಲೆ ಬಗ್ಗಿಸಿ ಕೂರಬೇಕು. ಆಲ್ಟ್ರೋಜ್ ಬಾಗಿಲು 90 ಡಿಗ್ರಿ ತೆರೆಯೋದು ಇಲ್ಲಿ ನಿಜವಾದ ಅನುಕೂಲ. ಡಿಕ್ಕಿ ಅದರಲ್ಲಿ 345 ಲೀಟರ್, ಐ20ಯಲ್ಲಿ 311. ಲೀಟರಿಗಿಂತ ಅಂಚಿನ ಎತ್ತರ ಮುಖ್ಯ, 25 ಕೆ.ಜಿ. ಮೂಟೆಯನ್ನು ಒಮ್ಮೆ ಎತ್ತಿ ಇಟ್ಟು ನೋಡಿ, ಗೊತ್ತಾಗುತ್ತೆ.

ಮೂರನೇ ವಾರ ದುಡ್ಡಿನ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ 1,200 ಸಿಸಿ ಒಳಗಿನ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿದಿದೆ, ಹೊಸದು ಕೊಳ್ಳುವವರಿಗೆ ಅದು ಲಾಭವೇ. ಆದರೆ ಕರ್ನಾಟಕದ ಲೈಫ್ ಟ್ಯಾಕ್ಸಿನಲ್ಲಿ (ನೋಂದಣಿಗೆ ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ) ಹತ್ತು ಲಕ್ಷದ ಹೊಸ್ತಿಲಿದೆ: ಐದರಿಂದ ಹತ್ತು ಲಕ್ಷದವರೆಗೆ ಶೇ. 14, ದಾಟಿದರೆ ಶೇ. 17, ಅದರ ಮೇಲೆ ಸೆಸ್. 9.9 ಲಕ್ಷದ ಗಾಡಿಗೆ ತೆರಿಗೆ 1,38,600, 10.1 ಲಕ್ಷದ್ದಕ್ಕೆ 1,71,700. ಇಪ್ಪತ್ತು ಸಾವಿರದ ಎರಡು ಬಣ್ಣದ ರೂಫಿಗೆ ಆಸೆಪಟ್ಟರೆ 33,000 ತೆರಿಗೆ ಬೇರೆ ತೆರಬೇಕು. ಪೆಟ್ರೋಲು ಲೀಟರಿಗೆ 103 ಅಂತ ಇಟ್ಟುಕೊಂಡರೆ, ತಿಂಗಳಿಗೆ 2,200 ಕಿ.ಮೀ.ಗೆ ಲೀಟರಿಗೆ 15 ಕೊಡುವ ಗಾಡಿಗೂ 20 ಕೊಡುವ ಗಾಡಿಗೂ ವ್ಯತ್ಯಾಸ ಸುಮಾರು 3,800 ರೂಪಾಯಿ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಾಗಾಗಿ ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದ್ದು. ಕೇರಳ ನಂಬರಿನ ಗಾಡಿಗಳು ಅಗ್ಗ ಅನ್ನಿಸುತ್ತೆ, ಆದರೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತರಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು, ನಂಬರ್ ಬದಲಾಗಬೇಕು. ಮಂಡ್ಯ, ಮೈಸೂರಿನ ನಂಬರುಗಳಾದ ಕೆಎ-11, ಕೆಎ-09, ಕೆಎ-55 ಒಳಗೇ ಹುಡುಕಿದರೆ ಈ ಮೂರೂ ಇಲ್ಲ.

ಇಂಥ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ನೋಡುವಾಗ ಮಾಮೂಲಿ ಗಾಡಿಗಿಂತ ಎರಡು ಪಟ್ಟು ಅನುಮಾನ ಇರಲಿ. ಹುಡುಗರು ಓಡಿಸಿರುತ್ತಾರೆ. ಬಂದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಸ್ಟಾರ್ಟಿಂಗ್ ದೋಷ ಮುಚ್ಚಿಡಲು ಮೊದಲೇ ಓಡಿಸಿಟ್ಟಿರಬಹುದು, ಇನ್ನೊಂದು ದಿನ ಬರ್ತೀವಿ ಅನ್ನಿ. ಆಯಿಲ್ ಕಡ್ಡಿ ಎಳೆದು ಮೂಸಿ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಎಂಜಿನ್ನು ಮನೆಯಿಂದ ಮೂರು ಕಿ.ಮೀ. ಓಡಿ ನಿಂತು ಓಡಿ ನಿಂತು ಮಾಡಿದ್ದರೆ ಸರಿಯಾಗಿ ಬಿಸಿಯೇರದೆ ಪೆಟ್ರೋಲು ಆಯಿಲಿಗೆ ಸೇರಿರುತ್ತೆ, ವಾಸನೆ ಬರುತ್ತೆ. ಮೂರನೇ ಗೇರಿನಲ್ಲಿ 40ಕ್ಕೆ ಹೋಗಿ ಪೂರ್ತಿ ಒತ್ತಿ: ಆರ್‌ಪಿಎಂ ಮುಳ್ಳು ಜಿಗಿದು ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಡಿಸಿಟಿಯಾದರೆ ಒಂದರಿಂದ ಎರಡಕ್ಕೆ ಹೋಗುವಾಗಿನ ಅದುರು ಗಮನಿಸಿ.

ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸಾಧನ) ಒಂದು ತೆಗೆದುಕೊಳ್ಳಿ, ಫೋನಿಗೆ ಬ್ಲೂಟೂತ್‌ನಲ್ಲಿ ಕೂಡುತ್ತೆ. ಎರರ್ ಕೋಡ್ ಇಲ್ಲ ಅಂದ ಮಾತ್ರಕ್ಕೆ ಸಮಾಧಾನ ಬೇಡ. ಕೋಡ್ ಅಳಿಸಿ ಎಷ್ಟು ಕಿ.ಮೀ. ಆಯಿತು ಅನ್ನೋದನ್ನೂ ಅದು ತೋರಿಸುತ್ತೆ. ನೋಡಿದ ಎರಡನೇ ಗಾಡಿಯಲ್ಲಿ ಅಲ್ಲಿ 9 ಅಂತ ಇತ್ತು. ಹಿಂದಿನ ಸಂಜೆಯೇ ಅಳಿಸಿದ್ದಾರೆ. ಅಲ್ಲಿಗೆ ಮಾತು ಮುಗಿಯಿತು.

ಟೈರಿನ ಮೇಲಿನ ನಾಲ್ಕು ಅಂಕಿ ಓದಿ: 3122 ಅಂದರೆ 2022ರ 31ನೇ ವಾರ. ನಾಲ್ಕರಲ್ಲಿ ಒಂದು ಮಾತ್ರ ಹೊಸದಾಗಿದ್ದರೆ ಆ ಚಕ್ರ ಜೋರು ಹೊಡೆತ ತಿಂದಿರಬಹುದು. ರಿಮ್ಮಿನ ಒಳ ಅಂಚನ್ನು ಬೆರಳಿಂದ ಸವರಿ ತಗ್ಗು ಹುಡುಕಿ. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಿದ್ದಾರಾ ಅಂತ ಕೇಳಿ, ಆಮೇಲೆ ಕಂಪನಿ ವರ್ಕ್‌ಶಾಪಿನಲ್ಲೂ ನೋಡಿಸಿ. ಸದ್ದು ಮಾಡುವ ಸೈಲೆನ್ಸರ್ ಇದ್ದರೆ ಹಳೆಯದನ್ನು ಹಾಕಿಸಿಕೊಡುವವರೆಗೆ ಮುಂಗಡ ಬೇಡ. ಮೋಟಾರು ವಾಹನ ಕಾಯ್ದೆಯಲ್ಲಿ ಕಾನೂನುಬಾಹಿರ ಮಾರ್ಪಾಡು ಒಂದಕ್ಕೆ 5,000 ದಂಡ, ಆರು ತಿಂಗಳವರೆಗೆ ಸಜೆಯೂ ಆಗಬಹುದು, ಅದು ಓನರ್ ತಲೆಗೆ. 2023ರ ಏಪ್ರಿಲ್‌ಗಿಂತ ಮುಂಚಿನ ಗಾಡಿಯಾದರೆ ಪೆಟ್ರೋಲ್ ಮುಚ್ಚಳದ ಒಳಗೆ ಇ20 (ಶೇ. 20 ಎಥನಾಲ್ ಬೆರೆತ ಪೆಟ್ರೋಲು) ಸ್ಟಿಕ್ಕರ್ ಇದೆಯಾ ನೋಡಿ. ಹೊರಗಿನ ಮೆಕ್ಯಾನಿಕ್‌ಗೆ ಲಿಫ್ಟ್ ಸಮೇತ 1,500 ಕೊಟ್ಟದ್ದು ಇಡೀ ವ್ಯವಹಾರದಲ್ಲಿ ಅತಿ ಸಾರ್ಥಕ ಖರ್ಚು.

ಕೊನೆಗೆ ಕೊಂಡದ್ದು 2023ರ ಕೊನೆಯ ಮಾಡೆಲ್, ಆರು ಗೇರಿನ ಮ್ಯಾನುಯಲ್. ನಿಜವಾದ ಗೋಳು ಶುರುವಾದದ್ದು ಇಲ್ಲಿಂದ.

ಮಾರುವವರ ಸಾಲ ತೀರಿತ್ತು, ಆರ್‌ಸಿಯಲ್ಲಿ ಮಾತ್ರ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದನ್ನು ತೆಗೆಸಲು ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. ಎನ್‌ಒಸಿ ಇತ್ತು, ಆದರೆ ಅದರ ಅವಧಿ ಮುಗಿದಿತ್ತು. ಹೊಸದು ಬರಲು ಹದಿನೆಂಟು ದಿನ. ಪೂರ್ತಿ ಹಣ ಕೊಡುವ ಮುಂಚೆ ಈ ಒಂದು ಕಾಗದದ ತಾರೀಕು ನೋಡಿದ್ದರೆ ಅಷ್ಟು ದಿನ ನಿದ್ದೆ ಉಳಿಯುತ್ತಿತ್ತು.

ಆಮೇಲೆ ಒಡೆತನ ಬದಲಿಸುವ ಫಾರಂ 29, 30. ಆನ್‌ಲೈನಿನಲ್ಲಿ ಆಧಾರ್ ಒಟಿಪಿ ಕೇಳುವಾಗ ಇನ್ನೊಂದು ಗಂಟು: ಆರ್‌ಸಿಯಲ್ಲಿ ಮಾರುವವರ ಹೆಸರಿನ ಹಿಂದೆ ಇನಿಷಿಯಲ್, ಆಧಾರಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದ ಊರು ಮತ್ತು ಅಪ್ಪನ ಹೆಸರು. ಎರಡೂ ಒಬ್ಬರೇ ಅಂತ ಯಂತ್ರ ಒಪ್ಪಲಿಲ್ಲ. ಕೊನೆಗೆ ಕಚೇರಿಗೇ ಇಬ್ಬರೂ ಹೋಗಿ ಸಹಿ ಮಾಡಬೇಕಾಯಿತು. ನಮ್ಮ ಕಡೆ ಹೆಸರುಗಳೆಲ್ಲ ಹೀಗೇ, ಆದ್ದರಿಂದ ಮುಂಗಡ ಕೊಡುವ ದಿನವೇ ಎರಡು ಕಾರ್ಡನ್ನೂ ಪಕ್ಕಪಕ್ಕ ಇಟ್ಟು ಓದಿ. ಬಾಕಿ ಇ-ಚಲನ್ ಇದ್ದರೆ ಅದನ್ನೂ ಅವತ್ತೇ ಅವರಿಂದ ಕಟ್ಟಿಸಿ.

ಇನ್ಶೂರೆನ್ಸಿಗೆ ಕೊಂಡ ದಿನದಿಂದ 14 ದಿನದ ಗಡುವು. ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ ಭಾಗ) ತಾನಾಗಿ ನಿಮ್ಮ ಕಡೆ ಬರುತ್ತೆ. ನಿಮ್ಮ ಗಾಡಿಗೇ ಆಗುವ ಡ್ಯಾಮೇಜಿನ ಭಾಗ ಹೆಸರು ಬದಲಿಸದಿದ್ದರೆ ಸಿಗೋದಿಲ್ಲ. ಆರ್‌ಸಿ ಬರಲಿ ಆಮೇಲೆ ನೋಡೋಣ ಅಂತ ಕೂರಬೇಡಿ, ಫಾರಂ 29ರ ಪ್ರತಿ ಜತೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಮಾರುವವರದ್ದು, ಗಾಡಿಯದ್ದಲ್ಲ. ಆ ರಿಯಾಯಿತಿಯ ಉಳಿದ ಭಾಗವನ್ನು ಕೊಂಡವರು ತುಂಬಬೇಕು. ಯಾರೂ ಮೊದಲೇ ಹೇಳದ ಖರ್ಚು ಇದು.

ಫಾಸ್ಟ್ಯಾಗ್ ಅವರದ್ದನ್ನು ಅವರು ಮುಚ್ಚಿಸದೆ ನಿಮ್ಮದು ಆಗೋಲ್ಲ, ಒಂದು ಗಾಡಿಗೆ ಒಂದೇ ಟ್ಯಾಗು. ಟೋಲಿನ ವಾರ್ಷಿಕ ಪಾಸು (2025ರಲ್ಲಿ 3,000 ರೂಪಾಯಿ ಇತ್ತು) ಗಾಡಿಯ ನಂಬರಿಗೆ ಅಂಟಿದ್ದು, 200 ಟ್ರಿಪ್‌ಗೆ ಮುಗಿಯುತ್ತೆ. ಗಣಂಗೂರು ಟೋಲನ್ನು ದಿನಕ್ಕೆ ಎರಡು ಸಲ ದಾಟುವವರಿಗೆ ತಿಂಗಳಿಗೆ 44. ‘ವಾರ್ಷಿಕ’ ಪಾಸು ನಾಲ್ಕೂವರೆ ತಿಂಗಳು ಬರುತ್ತೆ. ಆದರೂ ಸಲಕ್ಕೆ 15 ರೂಪಾಯಿ ಬಿತ್ತು.

ಆರ್‌ಸಿ ಬರುವ ಹೊತ್ತಿಗೆ ಮೂರು ಟ್ಯಾಂಕು ಮುಗಿದಿತ್ತು. ಮೀಟರ್ ತೋರಿಸುವ ಮೈಲೇಜು ನಂಬದೆ, ಒಂದೇ ಬಂಕಿನಲ್ಲಿ ಪೈಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಲೀಟರಿನಿಂದ ಭಾಗಿಸಿದ್ದು: ಎಕ್ಸ್‌ಪ್ರೆಸ್‌ವೇನಲ್ಲಿ 90ರಲ್ಲಿ ಹೋದ ವಾರ 17.2, ಪೇಟೆ ಹೆಚ್ಚಿದ್ದ ವಾರ 12.4, ಮೂರೂ ಸೇರಿ 15.1. ಮೀಟರು ಪ್ರತಿ ಸಲ ಒಂದರಷ್ಟು ಜಾಸ್ತಿ ತೋರಿಸಿತ್ತು.